ಉಸಿರು ಬಿಟ್ಟ ಅಳತೆ

ಸಿಟ್ಟು ಬಂದಾಗ ಕೆಲವರು ತಟ್ಟೆ ಎಸೆಯುತ್ತಾರೆ, ಕೆಲವರು ಬಾಗಿಲು ಬಡಿಯುತ್ತಾರೆ. ಅವರೆಲ್ಲ ಅದೃಷ್ಟವಂತರು, ಒಂದು ತಟ್ಟೆಯ ನಷ್ಟದಲ್ಲಿ ಪಾರಾಗುತ್ತಾರೆ. ನನಗೆ ಸಿಟ್ಟು ಬಂದರೆ ನಾನು ಮಾತು ಕೊಟ್ಟುಬಿಡುತ್ತೇನೆ. ನನ್ನ ಬದುಕಿನ ದೊಡ್ಡ ದೊಡ್ಡ ಅನಾಹುತಗಳೆಲ್ಲ ಹೀಗೆ ಕೊಟ್ಟ ಮಾತಿನಿಂದಲೇ ಆದವು. ನನ್ನ ಮದುವೆಯ ವಿಚಾರ ಇಲ್ಲಿ ಬೇಡ, ಹೆಂಡತಿ ಓದುತ್ತಾಳೆ.

ನಾನು ಸೀಟ್ ಕವರ್ ಹೊಲಿಯುವವನು. ಬಸ್ಸು, ಕಾರು, ಜೀಪು, ಸೋಫಾ, ಮನುಷ್ಯ ಯಾವುದರ ಮೇಲೆ ಕೂರುತ್ತಾನೋ ಅದಕ್ಕೆಲ್ಲ ಬಟ್ಟೆ ತೊಡಿಸುವುದು ನನ್ನ ಕಸುಬು. ಕೂರುವ ಮನುಷ್ಯನಿಗೆ ತೊಡಿಸುವುದಲ್ಲ. ನಮ್ಮ ಕಸುಬಿಗೆ ಒಂದೇ ಧರ್ಮ: ಕವರು ಬಿಗಿಯಾಗಿರಬೇಕು. ಸೀಟಿನ ಅಳತೆಗಿಂತ ತುಸು ಕಡಿಮೆಯೇ ಕತ್ತರಿಸಬೇಕು, ಮೊಣಕಾಲು ಊರಿ ಎಳೆಯಬೇಕು, ಆಗ ಸುಕ್ಕಿಲ್ಲದೆ ಕೂರುತ್ತದೆ. ಸುಕ್ಕು ಬಿದ್ದ ಸೀಟು ಕಂಡರೆ ನನಗೆ ಊಟ ಸೇರುವುದಿಲ್ಲ. ಈ ಧರ್ಮವೇ ಮುಂದೆ ನನ್ನ ಕೈಹಿಡಿದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಯಿತು.

ಎಲ್ಲ ಶುರುವಾದದ್ದು ನನ್ನ ಅಕ್ಕನ ಮನೆಯ ಹಜಾರದಲ್ಲಿ.

ಅಕ್ಕ ಆಸ್ಪತ್ರೆಯಲ್ಲಿ ನರ್ಸು. ದೊಡ್ಡ ದೇಹ, ದೊಡ್ಡ ಗಂಟಲು. ಅವಳು ವಾರ್ಡಿಗೆ ಕಾಲಿಟ್ಟರೆ ಅರ್ಧ ಕಾಯಿಲೆಗಳು ತಾವಾಗಿಯೇ ವಾಸಿಯಾಗುತ್ತವೆ ಎಂದು ಡಾಕ್ಟರುಗಳೇ ಹೇಳುತ್ತಾರೆ. ಆದರೆ ಆ ದೇಹ ಕುಣಿಯಲು ನಿಂತರೆ ಬೇರೆಯೇ ಆಗಿಬಿಡುತ್ತದೆ. ಈಗ ತಾನೇ ಒರೆಸಿದ ನೆಲದ ಮೇಲೆ ಅಕ್ಕ ಸುತ್ತಿ ಹೋದರೆ ಹೆಜ್ಜೆ ಗುರುತು ಮೂಡುವುದಿಲ್ಲ. ಗಂಡ ಹೆಂಡತಿ ಕೈ ಕೈ ಹಿಡಿದು ದೊಡ್ಡ ಹಾಲಿನಲ್ಲಿ ಸುತ್ತುತ್ತಾರಲ್ಲ, ಬಾಲ್‌ರೂಮ್ ಡ್ಯಾನ್ಸು, ಅದು ಅವಳ ಹುಚ್ಚು. ಅವಳ ಜೋಡಿ ನಮ್ಮ ಭಾವ. ಅವರು ತೂಕ ಮತ್ತು ಅಳತೆ ಇಲಾಖೆಯ ಸಾಹೇಬರು. ಛತ್ರಿ ಮಡಚಿ ನಿಲ್ಲಿಸಿದ ಹಾಗೆ ಸಣ್ಣಗೆ ಇದ್ದಾರೆ. ಊರಿನ ತಕ್ಕಡಿಗಳನ್ನೆಲ್ಲ ನಡುಗಿಸುವ ಅವರು ಮನೆಯೊಳಗೆ ಮಾತ್ರ ತೂಕದ ಮಾತೇ ಎತ್ತುವುದಿಲ್ಲ. ಅವರ ದಾಂಪತ್ಯ ಸುಖವಾಗಿರುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ಕ್ಲಬ್ಬಿನಲ್ಲಿ ವರ್ಷಕ್ಕೊಂದು ಸಂಜೆ ಡ್ಯಾನ್ಸು ನಡೆಯುತ್ತದೆ. ಗಂಡಸರು ಕಪ್ಪು ಸೂಟು, ಹೆಂಗಸರು ನೆಲ ಮುಟ್ಟುವ ಗೌನು. ಗೌನು ಇಲ್ಲದವರು ಹಾಲಿನೊಳಗೆ ಇಳಿಯುವ ಹಾಗಿಲ್ಲ. ಅಕ್ಕನ ಅಳತೆಯ ಗೌನು ಯಾವ ಅಂಗಡಿಯಲ್ಲೂ ಸಿಗದ್ದರಿಂದ ಪ್ರತಿ ವರ್ಷವೂ ಅವಳನ್ನು ಬಾಗಿಲ ಬಳಿ ಕೂರಿಸಿ ಬಂದವರ ಕೋಟು, ಛತ್ರಿ ಕಾಯುವ ಕೆಲಸ ಕೊಡುತ್ತಿದ್ದರು. ಅವಳು ಕೂತಲ್ಲೇ ಸ್ಟೂಲಿನ ಕೆಳಗೆ ಕಾಲು ಕುಣಿಸುತ್ತಿದ್ದಳು. ಭಾವ ಪಕ್ಕದಲ್ಲಿ ಸೂಟು ಹಾಕಿಕೊಂಡು ನಿಂತು ಛತ್ರಿಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದರು.

ಈ ವರ್ಷ ಹೊಲಿಸಿಯೇ ಹಾಕಿಕೊಳ್ಳುತ್ತೇನೆಂದು ಅಕ್ಕ ಮುಖ್ಯ ರಸ್ತೆಯ ಲೇಡೀಸ್ ಟೈಲರ್ ಹತ್ತಿರ ಹೋಗಿದ್ದಳು. ಅವನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಾರೆ. ಗಾಜಿನ ಬಾಗಿಲು, ಕೂಲರು, ಮೂಗಿನ ತುದಿಯಲ್ಲಿ ಕನ್ನಡಕ.

"ಏನಂದ ಅಕ್ಕ?" ಎಂದು ಕೇಳಿದೆ.

"ಏನಿಲ್ಲ ಬಿಡೋ."

"ಏನಂದ ಹೇಳು."

"ಪರದೆ ಅಂಗಡಿಗೆ ಹೋಗಿ ಅಮ್ಮ, ಅಲ್ಲಿ ಬಟ್ಟೆ ಅಗಲ ಜಾಸ್ತಿ ಇರುತ್ತೆ, ಅಂದ." ಅಕ್ಕ ನಗಲು ನೋಡಿದಳು. ಆಗಲಿಲ್ಲ.

ನನ್ನ ಕಿವಿ ಬಿಸಿಯಾಯಿತು. ಹಜಾರದಲ್ಲಿ ಭಾವ ಇದ್ದರು, ನನ್ನ ಹೆಂಡತಿ ಇದ್ದಳು, ಅಕ್ಕನ ಗೆಳತಿ ಶಾಲೆಯ ಹೆಡ್‌ಮಿಸ್ ಇದ್ದರು. ನಾನು ಎದ್ದು ನಿಂತೆ.

"ಅವನ್ಯಾವನು ಹೊಲಿಯೋದು! ನಾನು ಹೊಲಿತೀನಿ!"

"ನೀನಾ?" ಎಂದಳು ಅಕ್ಕ.

"ನೀವಾ?" ಎಂದಳು ಹೆಂಡತಿ. ಒಂದೇ ಪ್ರಶ್ನೆಯಾದರೂ ಹೆಂಡತಿಯದ್ದು ಹೆಚ್ಚು ಚುಚ್ಚಿತು.

"ನಾನೇ! ಐವತ್ತು ಸೀಟಿನ ಬಸ್ಸಿಗೆ ಹೊಲಿಯೋನಿಗೆ ಒಂದು ಗೌನು ಯಾವ ಲೆಕ್ಕ?"

"ಹಾಗಾದ್ರೆ ನಂದೂ ಹೊಲಿದುಕೊಡಿ," ಎಂದರು ಹೆಡ್‌ಮಿಸ್. ಅವರೂ ಅಕ್ಕನ ಗಾತ್ರದವರೇ. "ಬ್ಯಾಂಕಿನ ಕ್ಯಾಷಿಯರ್ ಮೇಡಂಗೂ ಹೇಳ್ತೀನಿ. ಪಾಪ, ಅವರನ್ನೂ ವಾಪಸ್ ಕಳಿಸಿದಾನೆ ಅವನು."

ಹೀಗೆ ಒಂದು ಮಾತು ಮೂರು ಗೌನಾಯಿತು. ಇನ್ನು ಸ್ವಲ್ಪ ಹೊತ್ತು ಅಲ್ಲಿದ್ದಿದ್ದರೆ ಊರಿಗೆಲ್ಲ ಸಮವಸ್ತ್ರ ಹೊಲಿಯಬೇಕಾಗುತ್ತಿತ್ತೇನೋ. ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಮೂವರೂ ಅಳತೆ ಕೊಡಲು ನನ್ನ ಶೆಡ್ಡಿಗೆ ಬಂದರು. ಒಂದು ಕಡೆ ಫೋಮಿನ ರಾಶಿ, ಇನ್ನೊಂದು ಕಡೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಬಸ್ ಸೀಟುಗಳು, ನಡುವೆ ಮೂವರು ಮರ್ಯಾದಸ್ಥ ಹೆಂಗಸರು. ಪರ ಹೆಂಗಸರಿಗೆ ನಾನು ಟೇಪು ಸುತ್ತುವುದು ಸರಿಯಲ್ಲ. ಆದ್ದರಿಂದ ನಾನು ಗೋಡೆಗೆ ಮುಖ ಮಾಡಿ ನಿಂತೆ, ಟೇಪು ಹೆಂಡತಿಯ ಕೈಗೆ ಕೊಟ್ಟೆ. ನಾನು "ಎದೆ! ಸೊಂಟ! ತೋಳು!" ಎಂದು ಕೂಗುವುದು, ಅವಳು ಅಂಕಿ ಹೇಳುವುದು, ನಾನು ಗೋಡೆಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುವುದು. ಹಿಂದಿನಿಂದ ಅಂಕಿ ಬಿಟ್ಟರೆ ಯಾವ ಮಾತೂ ಕೇಳುತ್ತಿರಲಿಲ್ಲ, ಉಸಿರೂ ಕೇಳುತ್ತಿರಲಿಲ್ಲ. ಎಂಥ ಶಿಸ್ತು ಎಂದುಕೊಂಡೆ. ಒಬ್ಬೊಬ್ಬರ ಅಳತೆ ಮುಗಿದಾಗಲೂ ಟೈರಿನ ಗಾಳಿ ಬಿಟ್ಟ ಹಾಗೆ ಒಂದು ಸದ್ದು ಬರುತ್ತಿತ್ತು. ಹೊರಗೆ ಯಾವುದೋ ಗಾಡಿ ಇರಬೇಕು ಎಂದುಕೊಂಡು ನಾನು ಅದಕ್ಕೆ ಗಮನ ಕೊಡಲಿಲ್ಲ.

ಅಳತೆಯೇನೋ ಆಯಿತು, ಟ್ರಯಲ್ ಆಗಲಿಲ್ಲ. ಸೀಟಿಗಾದರೆ ನಾನು ನೂರು ಸಲ ಕವರು ಹಾಕಿ ತೆಗೆಯುತ್ತೇನೆ, ಸೀಟು ತುಟಿ ಪಿಟಕ್ಕೆನ್ನುವುದಿಲ್ಲ. ಅಕ್ಕನ ಮೈಮೇಲೆ ಬರೀ ಕಾಗದದ ಮಾದರಿ ಇಟ್ಟರೂ "ಚುಚ್ಚುತ್ತೆ ಕಣೋ" ಎನ್ನುತ್ತಾಳೆ. ಹೆಡ್‌ಮಿಸ್ಸು ನನ್ನ ಸೀಮೆಸುಣ್ಣ ಹಿಡಿಯುವ ರೀತಿಯನ್ನೇ ತಿದ್ದುತ್ತಾರೆ. ಕ್ಯಾಷಿಯರ್ ಮೇಡಂ ಗೋಡೆ ಗಡಿಯಾರ ನೋಡಿ, "ಕೌಂಟರ್ ಮುಚ್ಚೋ ಹೊತ್ತಾಯ್ತು" ಎಂದು ಅರ್ಧ ಪಿನ್ನು ಸಮೇತ ಹೊರಟುಬಿಡುತ್ತಾರೆ. ಹೀಗೆ ಕೆಲಸ ಸಾಗುವುದಿಲ್ಲ ಎಂದು ನಾನು ಪಕ್ಕದ ಹಾಸಿಗೆ ಅಂಗಡಿಯ ಗೆಳೆಯನನ್ನು ಹಿಡಿದೆ. ಅವನನ್ನು ಎಲ್ಲರೂ ದಿಂಬಣ್ಣ ಎಂದು ಕರೆಯುತ್ತಾರೆ. ತಾಯಿ ಇಟ್ಟ ಹೆಸರು ಅವನಿಗೇ ನೆನಪಿಲ್ಲ.

"ಅಣ್ಣಾ, ಹತ್ತಿ ತುಂಬಿ ಮೂರು ಬೊಂಬೆ ಮಾಡಿಕೊಡು. ಮನುಷ್ಯರ ಅಳತೆ. ತಲೆ ಬೇಡ, ಕಾಲು ಬೇಡ, ತೋಳು ಇರಲಿ. ಗೋಡೆ ಮೇಲೆ ಅಳತೆ ಬರೆದಿದೀನಿ ನೋಡು."

"ಅಳತೆ ಯಾಕಯ್ಯಾ ನನಗೆ? ಈ ಮೂವರನ್ನೂ ದಿನಾ ನೋಡ್ತೀನಿ. ಮೂವರ ಮನೆ ಹಾಸಿಗೆನೂ ನಾನೇ ತುಂಬಿದ್ದು. ಎಲ್ಲೆಲ್ಲಿ ಗುಳಿ ಬಿದ್ದಿದೆ ಗೊತ್ತು ನನಗೆ."

"ಆ ಮಾತು ಅವರ ಮುಂದೆ ಆಡಬೇಡ," ಎಂದೆ.

ದಿಂಬಣ್ಣ ಮೂರು ಬೊಂಬೆ ತಂದು ನಿಲ್ಲಿಸಿದಾಗ ನಾನು ಕೈ ಕಟ್ಟಿ ನಿಂತುಬಿಟ್ಟೆ. ಅಕ್ಕನ ಭುಜದ ಗತ್ತು, ಕ್ಯಾಷಿಯರ್ ಮೇಡಂ ಕೌಂಟರಿನ ಮೇಲೆ ಬಾಗುವ ಬಾಗು, ಹೆಡ್‌ಮಿಸ್ ಅವರ ಎದೆ ಸೆಟೆದ ನಿಲುವು. ತಲೆ ಇಲ್ಲದಿದ್ದರೂ ಹೆಡ್‌ಮಿಸ್ ಬೊಂಬೆ ನನ್ನನ್ನೇ ದುರುಗುಟ್ಟಿ ನೋಡುವ ಹಾಗಿತ್ತು. ಅದರ ಮುಂದೆ ಬೀಡಿ ಹಚ್ಚಲು ಧೈರ್ಯ ಬರಲಿಲ್ಲ.

ಸ್ಯಾಟಿನ್ ಬಟ್ಟೆ ತಂದು ಗೋಡೆಯ ಅಳತೆಗೆ, ನನ್ನ ಧರ್ಮದಂತೆ ತುಸು ಕಡಿಮೆಯೇ ಕತ್ತರಿಸಿ, ಮೂರು ಗೌನು ಹೊಲಿದೆ. ಸೀಟಿಗೆ ಹಾಕುವ ಹಾಗೆ ಹೊಲಿಗೆಯ ಗುಂಟ ದಪ್ಪ ಪೈಪಿಂಗ್, ಅಂದರೆ ಹುರಿ ಇಟ್ಟು ಮಡಚಿದ ಬಿಳಿ ಪಟ್ಟಿ, ಕೊಟ್ಟೆ. ಬೊಂಬೆಗೆ ಹಾಕಲು ಹೋದರೆ ಏರಲಿಲ್ಲ. ಇದು ನನಗೆ ಹೊಸದಲ್ಲ, ಒಳ್ಳೆಯ ಕವರು ಯಾವತ್ತೂ ಸುಲಭವಾಗಿ ಏರುವುದಿಲ್ಲ. ಬೊಂಬೆಯನ್ನು ಮಲಗಿಸಿ ಮೊಣಕಾಲು ಊರಿದೆ. ದಿಂಬಣ್ಣ ಆ ಕಡೆಯಿಂದ ಎಳೆದ. "ಎಳಿ! ಇನ್ನೂ ಎಳಿ! ಆಂ, ಬಂತು ಬಂತು!" ಕೂತಿತು. ಒಂದು ಸುಕ್ಕಿಲ್ಲ! ತಟ್ಟಿದರೆ ತಮಟೆಯ ಹಾಗೆ ಸದ್ದು ಬಂತು. ನಾವಿಬ್ಬರೂ ಕೈ ಕುಲುಕಿದೆವು.

ಇಷ್ಟನ್ನೂ ಎದುರುಮನೆಯ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು. ಅವರು ಕಂಡದ್ದು ಇಷ್ಟು: ಇಬ್ಬರು ಗಂಡಸರು ಒಬ್ಬ ಹೆಂಗಸನ್ನು ನೆಲಕ್ಕೆ ಕೆಡವಿ ಮೊಣಕಾಲು ಊರಿದ್ದಾರೆ. ಆ ಹೆಂಗಸಿಗೆ ತಲೆ ಇಲ್ಲ. ಆಮೇಲೆ ಇಬ್ಬರೂ ಕೈ ಕುಲುಕಿದರು.

ಮರುದಿನ ಬೆಳಿಗ್ಗೆ ಗೌನು ತೊಟ್ಟ ಬೊಂಬೆಗಳನ್ನು ಅಕ್ಕನಿಗೆ ತೋರಿಸಲೆಂದು ದಿಂಬಣ್ಣನ ತಳ್ಳುಗಾಡಿಯಲ್ಲಿ ಮಲಗಿಸಿದೆವು, ಧೂಳು ಬೀಳದಿರಲೆಂದು ಬಿಳಿ ಬೆಡ್‌ಶೀಟು ಹೊದಿಸಿದೆವು. ಅಂಚಿನಿಂದ ಒಂದು ತೋಳು ಜೋತಾಡುತ್ತಿತ್ತು. ದಾರಿಯಲ್ಲಿ ಒಬ್ಬ ಹಿರಿಯರು ನಿಂತು ಟೋಪಿ ತೆಗೆದರು. ಯಾಕೆಂದು ನಮಗೆ ಹೊಳೆಯಲಿಲ್ಲ, ನಾವೂ ತಲೆ ಬಾಗಿಸಿ ಮುಂದೆ ಹೋದೆವು.

ಶಾಲೆಯ ಮುಂದೆ ಬಂದಾಗ ಗಾಳಿ ಬೀಸಿತು. ಬೆಡ್‌ಶೀಟು ಹಾರಿತು. ಸಾಲಾಗಿ ಗೇಟಿನೊಳಗೆ ಹೋಗುತ್ತಿದ್ದ ಮಕ್ಕಳು ನಿಂತರು. ತಲೆಯಿಲ್ಲದ, ಕಾಲಿಲ್ಲದ, ನೇರಳೆ ಗೌನಿನ ಬೊಂಬೆಯನ್ನು ನೋಡಿದರು. ಆಮೇಲೆ ಇಡೀ ಸಾಲು ಸೆಟೆದು ನಿಂತು ಒಂದೇ ದನಿಯಲ್ಲಿ ಕೂಗಿತು:

"ಗುಡ್ ಮಾರ್ನಿಂಗ್ ಮಿಸ್!"

ಆ ಹೊತ್ತಿಗೆ ಸರಿಯಾಗಿ ಪೊಲೀಸ್ ಜೀಪು ಬಂತು. ಅದರ ಸೀಟ್ ಕವರು ಸುಕ್ಕು ಬಿದ್ದಿತ್ತು. ಹೇಳಬೇಕೆಂದುಕೊಂಡೆ, ಸಮಯ ಸರಿಯಿಲ್ಲ ಎನ್ನಿಸಿ ಸುಮ್ಮನಾದೆ.

ಠಾಣೆಯಲ್ಲಿ ಬೊಂಬೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ನಮ್ಮನ್ನೂ ಪಕ್ಕದಲ್ಲಿ ನಿಲ್ಲಿಸಿದರು. ಪೊಲೀಸ್ ಸಾಹೇಬರು ಲಾಠಿಯಿಂದ ಒಂದು ಬೊಂಬೆಯ ಹೊಟ್ಟೆ ತಿವಿದರು.

"ಹತ್ತಿ," ಎಂದರು ಬೇಸರದಿಂದ. "ತಲೆ ಎಲ್ಲಿ?"

"ತಲೆ ಬೇಕಾಗಿರಲಿಲ್ಲ ಸಾರ್."

"ಯಾರು ಇವರು?"

ನಾನು ಬಾಯಿ ತೆರೆಯುವ ಮೊದಲೇ ಪೇದೆ ಹೇಳಿದ, "ಸಾರ್, ಇದು ಹೆಡ್‌ಮಿಸ್ಸು. ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದಾರೆ." ಹೇಳುತ್ತಾ ಹೇಳುತ್ತಾ ಅವನು ಟೋಪಿ ಸರಿಮಾಡಿಕೊಂಡ. "ಇದು ಆಸ್ಪತ್ರೆ ಸಿಸ್ಟರು. ಇದು ಬ್ಯಾಂಕಿನ ಕ್ಯಾಷಿಯರ್ ಮೇಡಂ. ಬಾಗಿರೋದು ನೋಡಿ ಸಾರ್, ನನ್ನ ಚೆಕ್ಕನ್ನ ಹೀಗೇ ಬಾಗಿ ವಾಪಸ್ ಕೊಟ್ಟಿದ್ರು."

ಸಾಹೇಬರು ಕುರ್ಚಿಯಿಂದ ಎದ್ದರು. ಅವರ ಮುಖದಲ್ಲಿ ಬೆಳಕು ಮೂಡಿತು.

"ಗೊತ್ತಾಯ್ತು! ಶಾಲೆ, ಆಸ್ಪತ್ರೆ, ಬ್ಯಾಂಕು! ಮೂರಕ್ಕೂ ಒಂದೇ ದಿನ ಪ್ರತಿಭಟನೆ! ಪ್ರತಿಕೃತಿ ಮಾಡಿಕೊಂಡು ಸುಡೋಕೆ ಹೊರಟಿದೀರಿ! ಯಾವ ಸಂಘದೋರು ನೀವು?"

"ಸೀಟ್ ಕವರ್ ಸಾರ್."

"ಅಂಥ ಸಂಘ ಇದೆಯೇನ್ರೀ?"

"ಸುಡೋಕಲ್ಲ ಸಾರ್, ಡ್ಯಾನ್ಸಿಗೆ."

"ಸುಟ್ಟು, ಆಮೇಲೆ ಡ್ಯಾನ್ಸು ಬೇರೆ!"

ನನಗೆ ಸಿಟ್ಟು ಬಂತು. "ಸ್ಯಾಟಿನ್ ಬಟ್ಟೆ ಹಾಕಿ ಯಾರ್ರೀ ಪ್ರತಿಕೃತಿ ಸುಡ್ತಾರೆ? ಬುದ್ಧಿ ಇದೆಯಾ ನಿಮಗೆ?" ಎಂದುಬಿಟ್ಟೆ. ದಿಂಬಣ್ಣ ಮೆಲ್ಲಗೆ ನನ್ನಿಂದ ದೂರ ಸರಿದು ಹೆಡ್‌ಮಿಸ್ ಬೊಂಬೆಯ ಹಿಂದೆ ನಿಂತ. ಸಾಹೇಬರು ಲಾಕಪ್ಪಿನ ಬೀಗದ ಕೈ ಹುಡುಕತೊಡಗಿದರು. ಪೇದೆ ಮೂವರು ಹೆಂಗಸರನ್ನೂ ಕರೆತರಲು ಓಡಿದ.

ಅವರು ಬರುವಾಗ ಹಿಂದೆ ಅರ್ಧ ಊರು ಇತ್ತು. ಮುಂದೆ ಹೆಡ್‌ಮಿಸ್ಸು, ನಡುವೆ ಕ್ಯಾಷಿಯರ್ ಮೇಡಂ, ಹಿಂದೆ ನರ್ಸಿನ ಬಟ್ಟೆಯಲ್ಲೇ ಓಡಿ ಬಂದ ಅಕ್ಕ, ಅವಳ ಹಿಂದೆ ಚೀಲ ಹಿಡಿದ ಭಾವ. ಕೊನೆಯಲ್ಲಿ ನನ್ನ ಹೆಂಡತಿ, ಸೆರೆಮನೆಗೆ ಬೇಕಾಗಬಹುದೆಂದು ನನ್ನ ಟವೆಲ್ ಹಿಡಿದುಕೊಂಡು. ಎದುರುಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಮೊದಲಿಂದ ಕಥೆ ಹೇಳುತ್ತಿದ್ದರು.

ಮೂವರೂ ತಂತಮ್ಮ ಬೊಂಬೆಯ ಮುಂದೆ ನಿಂತರು.

ಹೆಡ್‌ಮಿಸ್ ನಿಧಾನವಾಗಿ ತಮ್ಮ ಬೊಂಬೆಯನ್ನು ಒಂದು ಸುತ್ತು ಹಾಕಿದರು. ಹಿಂದೆ ಅಡಗಿದ್ದ ದಿಂಬಣ್ಣನನ್ನು ಕಣ್ಣಲ್ಲೇ ಪಕ್ಕಕ್ಕೆ ಕಳಿಸಿದರು. ಬಹಳ ಹೊತ್ತು ಬೆನ್ನ ಕಡೆ ನೋಡಿದರು.

"ಹಿಂದಿನಿಂದ ನಾನು ಹೀಗೇ ಕಾಣ್ತೀನಾ?"

ದಿಂಬಣ್ಣ ಪಕ್ಕದಿಂದಲೇ, "ಹೌದು ಮಿಸ್, ಸರಿಯಾಗಿ ಹೀಗೇ," ಎಂದ. ಅವನ ಕಥೆ ಮುಗಿಯಿತು ಎಂದುಕೊಂಡೆ.

"ಅಲ್ರೀ, ಚೆನ್ನಾಗೇ ಇದೀನಲ್ಲ!" ಎಂದರು ಹೆಡ್‌ಮಿಸ್. "ಇಷ್ಟು ದಿನ ಯಾರೂ ಹೇಳಲೇ ಇಲ್ವಲ್ರೀ ನನಗೆ!"

ಆದರೆ ಅಕ್ಕ ನಗಲಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ಜನರನ್ನು ನೋಡಿದಳು, ಬೊಂಬೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಆ ಮಾಸ್ಟರ್ ಗಾಜಿನ ಬಾಗಿಲೊಳಗೆ ಅಂದ. ನೀನು ಗಾಡಿ ಮೇಲಿಟ್ಟು ಊರಿಗೆಲ್ಲಾ ತೋರಿಸಿಬಿಟ್ಟೆಯಲ್ಲೋ," ಎಂದಳು. "ಬೇಡ ಕಣೋ. ಡ್ಯಾನ್ಸೂ ಬೇಡ, ಗೌನೂ ಬೇಡ. ನಾನು ಕೋಟು ಛತ್ರಿನೇ ಕಾಯ್ತೀನಿ."

ಅವಳು ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಮೆಲ್ಲಗೆ ಮಾತಾಡುವ ಅಕ್ಕನನ್ನು ಎದುರಿಸುವುದು ನನಗೆ ಗೊತ್ತಿಲ್ಲ. ನೆಲ ನೋಡುತ್ತ ನಿಂತೆ.

"ಅದೆಲ್ಲ ಇರಲಿ," ಎಂದರು ಸಾಹೇಬರು. "ಇವು ಡ್ಯಾನ್ಸಿಗೇ ಮಾಡಿದ್ದು ಅನ್ನೋದಕ್ಕೆ ಸಾಕ್ಷಿ ಏನು?"

ಆಗ ಭಾವ ಚೀಲ ಕೆಳಗಿಟ್ಟರು. ಕೋಟಿನ ಗುಂಡಿ ಹಾಕಿಕೊಂಡರು. ಅಕ್ಕನ ಬೊಂಬೆಯ ಮುಂದೆ ಹೋಗಿ ಸೊಂಟ ಬಗ್ಗಿಸಿದರು. ಒಂದು ಕೈ ಅದರ ಬೆನ್ನಿಗೆ ಕೊಟ್ಟು ಠಾಣೆಯ ನಡುವೆ ಹೆಜ್ಜೆ ಹಾಕತೊಡಗಿದರು. ಸಂಗೀತ ಇರಲಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು, ಅದರ ತಾಳಕ್ಕೇ ಕುಣಿದರು. ಫೈಲಿನ ಕಪಾಟು ಸುತ್ತಿ, ಬಂದೂಕು ನಿಲ್ಲಿಸುವ ಗೂಡು ದಾಟಿ, ಸಾಹೇಬರ ಮೇಜಿನ ಹಿಂದಿನಿಂದ ಬಂದರು. ಸಾಹೇಬರು ಕುರ್ಚಿ ಎಳೆದು ದಾರಿ ಬಿಟ್ಟರು. ನನ್ನ ಭಾವ ಇಷ್ಟು ಚೆನ್ನಾಗಿ ಕುಣಿಯುವುದನ್ನು ನಾನು ನೋಡಿಯೇ ಇರಲಿಲ್ಲ. ಪಾಪ, ಎಲ್ಲಿ ನೋಡುವುದು, ವರ್ಷವರ್ಷವೂ ಛತ್ರಿ ಜೋಡಿಸುತ್ತಿದ್ದರಲ್ಲ.

ತಿರುವಿನಲ್ಲಿ ಅವರು ಬೊಂಬೆಯ ತೋಳು ಮೇಲೆತ್ತಿದರು.

ಪರ್‍ರ್‍ರ್!

ಕಂಕುಳಿನಿಂದ ಸೊಂಟದವರೆಗೆ ಗೌನಿನ ಹೊಲಿಗೆ ಬಿಟ್ಟಿತು, ಜೊತೆಗೆ ಬೊಂಬೆಯ ತೋಳೂ ಬಾಯಿ ಬಿಟ್ಟಿತು. ಒಂದು ಹಿಡಿ ಹತ್ತಿ ಹಾರಿ ಪೊಲೀಸ್ ಸಾಹೇಬರ ಮೀಸೆಯ ಮೇಲೆ ಕೂತಿತು. ಭಾವ ನಿಲ್ಲಲಿಲ್ಲ, ಇನ್ನೊಂದು ಸುತ್ತು ಸುತ್ತಿದರು. ಆಗ ಎಲ್ಲರೂ ಒಂದು ವಿಚಿತ್ರ ಕಂಡರು. ಬಿಗಿತ ಬಿಟ್ಟ ಆ ಗೌನು ಭುಜದಿಂದ ಇಳಿದು, ಗಾಳಿ ತುಂಬಿಕೊಂಡು, ಅರಳಿತು. ಅಷ್ಟು ಹೊತ್ತು ತಮಟೆಯ ಹಾಗಿದ್ದ ಬೊಂಬೆ ಇದ್ದಕ್ಕಿದ್ದಂತೆ ರಾಣಿಯಾಯಿತು.

"ಭುಜ ಮೇಲೆ ಇಡ್ರೀ," ಎಂದಳು ಅಕ್ಕ, ತನಗೇ ಗೊತ್ತಿಲ್ಲದೆ. "ಅಯ್ಯೋ, ಎಡಕ್ಕೆ ತಿರುಗಬೇಕಿತ್ತು. ಬಿಡ್ರೀ ಅವಳನ್ನ, ಅವಳಿಗೆ ಬರಲ್ಲ." ಬೊಂಬೆಯನ್ನು ಪಕ್ಕಕ್ಕೆ ತಳ್ಳಿ, ನರ್ಸಿನ ಬಟ್ಟೆಯಲ್ಲೇ ಗಂಡನ ಕೈ ಹಿಡಿದಳು. ಅವರಿಬ್ಬರೂ ಬಾಗಿಲವರೆಗೆ ಸುತ್ತಿಕೊಂಡು ಹೋದಾಗ ಜನ ಚಪ್ಪಾಳೆ ಹೊಡೆದರು. ಎದುರುಮನೆಯ ಅಜ್ಜಿ ಎಲ್ಲರಿಗಿಂತ ಜೋರಾಗಿ ಹೊಡೆದರು. ತಾನು ಫೋನ್ ಮಾಡಿದ್ದರಿಂದಲೇ ಇದೆಲ್ಲ ಆಗಿದ್ದು ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಸಾಹೇಬರು ಮೀಸೆಯ ಹತ್ತಿ ತೆಗೆದರು. "ಸಾಕ್ಷಿ ಸಾಕು," ಎಂದರು.

ಆದರೆ ಭಾವನಿಗೆ ಸಾಕಾಗಲಿಲ್ಲ. ಅವರು ಹರಿದ ಹೊಲಿಗೆಯ ಮುಂದೆ ಕನ್ನಡಕ ಹಾಕಿಕೊಂಡು ಕೂತರು. ಇಲಾಖೆಯ ಮುಖ ಬಂದಿತ್ತು. ಊರಿನ ಅಂಗಡಿಯವರೆಲ್ಲ ಹೆದರುವುದು ಈ ಮುಖಕ್ಕೇ.

"ಇದು ಸುಳ್ಳು ಅಳತೆ. ಅಳೆದದ್ದು ಯಾರು?"

"ನನ್ನ ಹೆಂಡತಿ. ನಾನು ಗೋಡೆ ನೋಡ್ತಿದ್ದೆ."

ನನ್ನ ಹೆಂಡತಿ ಟವೆಲ್ ಹಿಂಡಿದಳು. "ಅಣ್ಣಾ, ಹೆಂಗಸರ ಅಳತೆನ ಜೋರಾಗಿ ಕೂಗಿ ಹೇಳೋಕಾಗುತ್ತಾ? ಸ್ವಲ್ಪ ಕಡಿಮೆ ಹೇಳಿದೆ. ಮರ್ಯಾದೆ ಅಲ್ವಾ?"

"ಲೇ!" ಎಂದೆ ನಾನು.

"ಲೇ ಅನ್ನಬೇಡಿ. ನನ್ನನ್ನ ಕೇಳಿದ್ರಾ ನೀವು? ಎದೆ, ಸೊಂಟ ಅಂತ ಬಸ್ ಸ್ಟ್ಯಾಂಡಲ್ಲಿ ಊರು ಕೂಗೋ ಹಾಗೆ ಕೂಗ್ತಾ ಇದ್ರಿ."

"ಅದಕ್ಕೂ ಮೊದಲು," ಎಂದು ಭಾವ ಮೂವರು ಹೆಂಗಸರ ಕಡೆ ತಿರುಗಿದರು. ಆ ಮನುಷ್ಯನ ಧೈರ್ಯಕ್ಕೆ ನಾನು ಇವತ್ತಿಗೂ ಬೆರಗಾಗುತ್ತೇನೆ. "ಟೇಪು ಸುತ್ತುವಾಗ ನೀವು ಯಾರಾದರೂ ಉಸಿರು ಬಿಗಿ ಹಿಡಿದಿದ್ರಾ?"

ಕ್ಯಾಷಿಯರ್ ಮೇಡಂ ಸೂರು ನೋಡಿದರು. ಅಕ್ಕ ಬೊಂಬೆಯ ತೋಳಿಗೆ ಹತ್ತಿ ತುರುಕತೊಡಗಿದಳು.

"ಹಿಡಿಯದೆ ಏನು ಮಾಡ್ತಾರ್ರೀ?" ಎಂದರು ಹೆಡ್‌ಮಿಸ್. "ಟೇಪು ಕಂಡ್ರೆ ಹೊಟ್ಟೆ ತಾನಾಗೇ ಒಳಗೆ ಹೋಗುತ್ತೆ. ಅದು ಸ್ವಭಾವ."

ಟೈರಿನ ಗಾಳಿ ಬಿಟ್ಟ ಸದ್ದು ಯಾವುದೆಂದು ನನಗೆ ಆಗ ತಿಳಿಯಿತು.

"ಕೊನೆಯದಾಗಿ," ಎಂದರು ಭಾವ ನನ್ನನ್ನು ನೋಡಿ, "ಕತ್ತರಿ ಹಾಕುವಾಗ?"

"ತುಸು ಕಡಿಮೆ ಹಾಕಿದೆ ಭಾವ," ಎಂದೆ. "ಸುಕ್ಕು ಬೀಳದಿರಲಿ ಅಂತ."

ಭಾವ ಕನ್ನಡಕ ತೆಗೆದರು. "ಒಬ್ಬರು ಉಸಿರು ಕದ್ದರು, ಒಬ್ಬರು ಅಂಕಿ ಕದ್ದರು, ಒಬ್ಬ ಬಟ್ಟೆ ಕದ್ದ. ನನ್ನ ಇಡೀ ಸರ್ವಿಸಿನಲ್ಲಿ ಒಂದೇ ಸರಕಿಗೆ ಮೂರು ಮೋಸ ಕಂಡಿದ್ದು ಇದೇ ಮೊದಲು." ಆಮೇಲೆ ತಗ್ಗಿದ ದನಿಯಲ್ಲಿ, "ನಾನು ತೋಳು ಎತ್ತಿಸ್ತೀನಿ, ತಿರುಗಿಸ್ತೀನಿ, ಬಾಗಿಸ್ತೀನಿ. ನನ್ನ ಹೆಂಡತಿ ಸೀಟಲ್ಲ ಕಣಯ್ಯಾ," ಎಂದರು.

ಅಕ್ಕ ಹತ್ತಿ ತುರುಕುವುದನ್ನು ನಿಲ್ಲಿಸಿದಳು. "ಯಾವಾಗ ಅಳತೆಗೆ ಬರಲೋ?" ಎಂದು ನನ್ನನ್ನು ಕೇಳಿದಳು.

ಈ ಸಲ ಗೋಡೆ ನೋಡಲಿಲ್ಲ. ಮೂವರನ್ನೂ ಶೆಡ್ಡಿನ ನಡುವೆ ಕುಣಿಯಲು ಬಿಟ್ಟು, ಹೆಂಡತಿ ಟೇಪಿನ ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ಅವರ ಸುತ್ತ ಓಡಿದೆವು. "ಉಸಿರು ಬಿಡಿ! ತೋಳು ಎತ್ತಿ! ಬಿಟ್ರಾ? ಬಿಡಿ ಅಂದ್ರೆ ಬಿಡಿ ಮಿಸ್!" ದಿಂಬಣ್ಣ ತಗಡಿನ ಡಬ್ಬ ಬಡಿದು ತಾಳ ಹಾಕಿದ. ಎದುರುಮನೆಯ ಅಜ್ಜಿ ಕಿಟಕಿಯಿಂದ ನೋಡಿದರು. ಈ ಸಲ ಫೋನು ಮಾಡಲಿಲ್ಲ, ಕುರ್ಚಿ ತಂದು ಹಾಕಿಕೊಂಡರು.

ಸೀಟಿನ ಧರ್ಮವನ್ನು ಬದಿಗಿಟ್ಟು ಹುಡ್ಡಿನ ಧರ್ಮ ಹಿಡಿದೆ. ಜೀಪಿನ ಮೇಲೆ ಹೊದಿಸುವ ಕ್ಯಾನ್ವಾಸ್ ಹುಡ್ಡು ಎಲ್ಲೂ ಮೈಗೆ ಅಂಟುವುದಿಲ್ಲ. ಮೇಲಿನ ಕಂಬಿಯಲ್ಲಿ ಗಟ್ಟಿ ಕೂತು ಅಲ್ಲಿಂದ ತೂಗುತ್ತದೆ. ಹಾಗೇ ಭುಜವನ್ನು ಭದ್ರ ಮಾಡಿ ಉಳಿದದ್ದನ್ನು ಅಲ್ಲಿಂದ ಇಳಿಬಿಟ್ಟೆ. ತೋಳು ಎತ್ತಲೆಂದು ಕಂಕುಳಲ್ಲಿ ಒಂದೊಂದು ತುಂಡು ಸೇರಿಸಿದೆ. ಪೈಪಿಂಗ್ ಮಾತ್ರ ಬಿಡಲಿಲ್ಲ, ಹೊಟ್ಟೆಗೆ ಅಡ್ಡವಾಗಿ ಪಟ್ಟಿ ಕಟ್ಟುವ ಬದಲು ಒಂದು ಭುಜದಿಂದ ಎದುರು ಸೊಂಟಕ್ಕೆ ಓರೆಯಾಗಿ ಹರಿಸಿದೆ. ನೋಡುವವರ ಕಣ್ಣು ಆ ಗೆರೆಯ ಜೊತೆಗೇ ಜಾರಿ ಕೆಳಗಿನ ನೆರಿಗೆಗೆ ಬಂದು ನಿಲ್ಲುತ್ತದೆ. ಅಲ್ಲಲ್ಲಿ ಸುಕ್ಕು ಬಿತ್ತು. ಹಲ್ಲು ಕಚ್ಚಿ ಸಹಿಸಿಕೊಂಡೆ. ಅದನ್ನು ಸುಕ್ಕು ಅನ್ನಬಾರದು, ಮಡಿಕೆ ಅನ್ನಬೇಕು ಎಂದು ಹೆಡ್‌ಮಿಸ್ ತಿದ್ದಿದರು.

ಡ್ಯಾನ್ಸಿನ ಸಂಜೆ ಕ್ಲಬ್ಬಿನ ಬಾಗಿಲಲ್ಲಿ ಒಂದು ಗಲಾಟೆಯಾಯಿತು. ಅಕ್ಕ ಹಾಲಿನೊಳಗೆ ಹೋದರೆ ಕೋಟು ಛತ್ರಿ ಕಾಯುವವರು ಯಾರು ಎಂದು ಕಾರ್ಯದರ್ಶಿ ದಾರಿಗೆ ಅಡ್ಡ ನಿಂತ. ನನಗೆ ಸಿಟ್ಟು ಬಂತು. "ನಾನು ಕಾಯ್ತೀನಿ, ದಾರಿ ಬಿಡ್ರೀ!" ಎಂದೆ. ಮಾತು ಕೊಟ್ಟ ಮೇಲೆ ಆಯಿತಲ್ಲ. ಅಕ್ಕನ ಸ್ಟೂಲಿನ ಮೇಲೆ ನಾನು ಕೂತೆ.

ಡ್ಯಾನ್ಸು ಶುರುವಾದ ಮೇಲೆ ಮೊದಲು ಬಂದವನೇ ಆ ಲೇಡೀಸ್ ಟೈಲರ್ ಮಾಸ್ಟರ್. ನನ್ನ ಕೈಗೆ ಛತ್ರಿ ಕೊಟ್ಟು, ಒಳಗೆ ಇಣುಕಿ, ಹಾಗೇ ನಿಂತ. ಹಾಲಿನ ನಡುವೆ ಅಕ್ಕ ಸುತ್ತುತ್ತಿದ್ದಳು. ಕಡು ನೀಲಿ ಗೌನು, ಭುಜದಿಂದ ಇಳಿದ ಬಿಳಿ ಗೆರೆ. ತಿರುವಿನಲ್ಲಿ ಭಾವ ಅವಳ ತೋಳು ಎತ್ತಿದರು. ನಾನು ಕಣ್ಣು ಮುಚ್ಚಿ ಕಿವಿ ಕೊಟ್ಟೆ. ಯಾವ ಸದ್ದೂ ಬರಲಿಲ್ಲ. ಕಣ್ಣು ಬಿಟ್ಟಾಗ ಗೌನು ಅರಳಿತ್ತು, ಅಕ್ಕ ನಗುತ್ತಿದ್ದಳು. ಆಚೆ ಕ್ಯಾಷಿಯರ್ ಮೇಡಂ ಬಾಗದೆ ನೆಟ್ಟಗೆ ಕುಣಿಯುತ್ತಿದ್ದರು. ಹೆಡ್‌ಮಿಸ್ಸು ಪ್ರತಿ ಸುತ್ತಿನಲ್ಲೂ ಎಲ್ಲರಿಗೂ ಕಾಣುವ ಹಾಗೆ ಬೆನ್ನು ತಿರುಗಿಸುತ್ತಿದ್ದರು.

"ಯಾರ ಕೆಲಸ ಅದು?" ಎಂದ ಮಾಸ್ಟರ್.

"ಪರದೆ ಅಂಗಡಿಯವರದ್ದು," ಎಂದೆ.

ಅವನು ಮತ್ತೊಮ್ಮೆ ಅಕ್ಕನ ಕಂಕುಳ ಹೊಲಿಗೆ ನೋಡಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಪೊಲೀಸ್ ಸಾಹೇಬರು ಬಂದರು. ಹಿಂದೆ ಅವರ ಮನೆಯವರು. ಗಾತ್ರದಲ್ಲಿ ಅಕ್ಕನಿಗಿಂತ ಒಂದು ಕೈ ಮೇಲೆಯೇ ಇದ್ದರು. ಸಾಹೇಬರು ನನ್ನ ಕಿವಿಯ ಹತ್ತಿರ ಬಾಗಿ, "ಮುಂದಿನ ವರ್ಷಕ್ಕೆ ಒಂದು ಹೊಲಿದು ಕೊಡಬೇಕಲ್ರೀ. ಬೊಂಬೆ ಮಾತ್ರ ಮನೆ ಹಿಂದಿನ ಬಾಗಿಲಿಂದ ತನ್ನಿ," ಎಂದರು.

ಹಾಡು ಬದಲಾಯಿತು. ಛತ್ರಿಗಳ ನಡುವೆ ನನ್ನ ಹೆಂಡತಿ ಬಂದು ನಿಂತಳು. ಹಾಲಿನ ಕಡೆಯೇ ನೋಡುತ್ತ, "ಊರೋರಿಗೆಲ್ಲಾ ಆಯ್ತು," ಎಂದಳು. ಟೇಪು ನನ್ನ ಕೊರಳಲ್ಲೇ ಇತ್ತು. ತೆಗೆದು ಅವಳ ಸೊಂಟಕ್ಕೆ ಸುತ್ತಿದೆ. ಇಷ್ಟು ವರ್ಷದಲ್ಲಿ ನಾನು ಅವಳ ಅಳತೆ ತೆಗೆದದ್ದು ಅದೇ ಮೊದಲು. ಅವಳ ಮುಖ ಕೆಂಪಾಯಿತು, ಕಣ್ಣು ಸೂರಿನ ಕಡೆ ಹೋಯಿತು.

"ಉಸಿರು ಬಿಡೇ," ಎಂದೆ.

"ಬಿಟ್ಟಿದೀನಿ."

"ಸುಳ್ಳು. ಬಿಡು."

ಅವಳಿಗೆ ನಗು ಬಂತು. ನಗುವ ಭರದಲ್ಲಿ ಉಸಿರು ಹೊರಗೆ ಬಂತು, ಟೇಪು ನನ್ನ ಬೆರಳಿನಿಂದ ಜಾರಿ ಮುಂದೆ ಹೋಯಿತು.

"ಎಷ್ಟು?" ಎಂದಳು.

ಕೂಗಲಿಲ್ಲ. ಕಿವಿಯಲ್ಲಿ ಹೇಳಿದೆ, ಇದ್ದದ್ದನ್ನು ಇದ್ದ ಹಾಗೆ. ಕೈಗೆ ಸಿಕ್ಕ ಛತ್ರಿಯಿಂದ ಬೆನ್ನಿಗೆ ಒಂದು ಬಿತ್ತು. ಅದು ಮಾಸ್ಟರಿನ ಛತ್ರಿ, ಎರಡು ಕಡ್ಡಿ ಬಗ್ಗಿ ಹೋಯಿತು. ಅವನು ಹೊರಗೆ ಬಂದಾಗ ನಾನೇ ಸರಿ ಮಾಡಿಕೊಡುತ್ತೇನೆ, ಹೊಸ ಬಟ್ಟೆಯೂ ಹಾಕಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಸಿಟ್ಟಿಲ್ಲದೆ ಕೊಟ್ಟ ಮಾತು. ಏನು ಅನಾಹುತ ಆಗುತ್ತದೋ ನೋಡಬೇಕು.